ಬಿಸಿಯಾದ ಪ್ಲಗ್ಗು

ಬೆಂಗಳೂರಿನಲ್ಲಿ ಹಲಸೂರಿನ ಸೋಮೇಶ್ವರ ದೇವಾಲಯದ ಆಸುಪಾಸಿನಲ್ಲಿಯೂ ಶಿವಾಜಿನಗರದ ಒಳಗೇರಿಗಳಲ್ಲಿಯೂ ಅಲ್ಲಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಹೆಂಚಿನ ಮನೆಗಳ ಪೈಕಿ ಯಾವುದಾದರೊಂದರ ನಡುಮನೆಯನ್ನು ಹೊಕ್ಕು ಅಲ್ಲಿಯ ಸ್ವಿಚ್ ಬೋರ್ಡನ್ನು ಸಾವಧಾನವಾಗಿ ನೋಡತಕ್ಕವರಿಗೆ, ಆ ಸಂಸಾರದ ಹಲವು ತಲೆಮಾರುಗಳ ಚರಿತ್ರೆ ಒಂದೇ ಗೋಡೆಯ ಮೇಲೆ ಕಾಣಸಿಗುತ್ತದೆ. ಮೇಲುಗಡೆ ತೇಗದ ಹಲಗೆ. ಅದರ ಮೇಲೆ, ಎಲೆಕ್ಟ್ರಿಷಿಯನ್ನರು ಇಂದಿಗೂ ಕಿಟ್‌ಕ್ಯಾಟ್ ಎಂದು ಕರೆಯುವ ಬಿಳಿಯ ಪಿಂಗಾಣಿಯ ಫ್ಯೂಸು. ಪಕ್ಕದಲ್ಲಿ ಕಪ್ಪು ಬೇಕಲೈಟಿನ ಗುಂಡು ಸ್ವಿಚ್ಚುಗಳ ಸಾಲು. ಅದರ ಕೆಳಗೆ, ಮನೆಗೆ ಮೊದಲ ಫ್ರಿಜ್ಜು ಬಂದ ವರ್ಷ ಹಾಕಿಸಿದ ದಪ್ಪ ರಂಧ್ರಗಳ ಪವರ್ ಪ್ಲಗ್ಗು. ಆ ಪ್ಲಗ್ಗಿನಿಂದ ಇಳಿದು ಸೋಫಾದ ಹಿಂದೆ ನೆಲದ ಮೇಲೆ ಮಲಗಿರುವ ಎಕ್ಸ್‌ಟೆನ್ಷನ್ ಬೋರ್ಡು. ಅದಕ್ಕೆ ಚುಚ್ಚಿದ ಎರಡು ಮೊಬೈಲ್ ಚಾರ್ಜರು, ಒಂದು ವೈ-ಫೈ ಪೆಟ್ಟಿಗೆ, ಸೊಳ್ಳೆ ಓಡಿಸುವ ದ್ರಾವಣದ ಪುಟ್ಟ ಯಂತ್ರ, ಮತ್ತು ಗ್ಯಾಸು ಮುಗಿದ ದಿನ ಬಂದು ಅನಂತರ ಅಲ್ಲಿಯೇ ನೆಲೆನಿಂತ ಇಂಡಕ್ಷನ್ ಒಲೆ. ಇವಿಷ್ಟಕ್ಕೂ ವಿದ್ಯುತ್ತನ್ನು ತಂದುಕೊಡುತ್ತಿರುವುದು ಬಲ್ಬು ಫ್ಯಾನುಗಳಿಗೆಂದು ಅಳೆದು ಎಳೆದ ಆ ಹಳೆಯ ತಂತಿಯೇ.

ವಿದ್ಯುಚ್ಛಕ್ತಿಯು ಈ ಸೀಮೆಗೆ ಬಂದದ್ದು ಮೊದಲಿಗೆ ಗೃಹಕೃತ್ಯದ ಉದ್ದೇಶದಿಂದಲೇ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿಗಳು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸುವುದಕ್ಕೆಂದು ಹೋದುವು. ಮೂರು ವರ್ಷಗಳ ತರುವಾಯ, 1905ರ ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರು ಪೇಟೆಯ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿದ್ದ ದಂಡಿನ ಪ್ರದೇಶಕ್ಕೆ (ಕಂಟೋನ್ಮೆಂಟಿಗೆ) ಆ ಬೆಳಕು ದಾಟಿದ್ದು ಆಮೇಲೆ. ಮನೆಯೊಳಕ್ಕೆ ಅದು ಪ್ರವೇಶಿಸಿದಾಗಲೂ ಕೋಣೆಗೊಂದು ಬಲ್ಬೆಂಬ ವಿನಯದ ರೂಪದಲ್ಲಿಯೇ ಪ್ರವೇಶಿಸಿತು. ಮರದ ಪಟ್ಟಿಗಳ ಮೇಲೆ ರಬ್ಬರು ಹೊದಿಸಿದ ತಂತಿಯನ್ನೆಳೆದು, ನಾಲ್ವತ್ತು ಅರುವತ್ತು ವಾಟಿನ ದೀಪಗಳಿಗೆ ಸಾಕೆನಿಸುವಷ್ಟು ತಾಮ್ರವನ್ನು ಒದಗಿಸಿ, ಮೇಸ್ತ್ರಿ ಕೈತೊಳೆದುಕೊಂಡ. ವಿದ್ಯುತ್ ಇಸ್ತ್ರಿಪೆಟ್ಟಿಗೆ ಬಂದಾಗ ಎಷ್ಟೋ ಮನೆಗಳಲ್ಲಿ ಪ್ಲಗ್ಗೆಂಬುದೇ ಇರಲಿಲ್ಲವಾದ್ದರಿಂದ, ಬಲ್ಬನ್ನು ಕಳಚಿ ಅದೇ ಹೋಲ್ಡರಿಗೆ ಒಂದು ಅಡಾಪ್ಟರನ್ನು ಸಿಕ್ಕಿಸಿ, ತಲೆಯ ಮೇಲಿಂದ ಜೋತಾಡುವ ವೈರಿನಲ್ಲಿ ಷರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದರು. ದೀಪಕ್ಕೆಂದು ಕೊಟ್ಟದ್ದನ್ನು ಶಾಖಕ್ಕೆಂದು ತೆಗೆದುಕೊಳ್ಳುವ ನಮ್ಮ ಅಭ್ಯಾಸ ಹೀಗೆ ಬಹು ಹಿಂದಿನದು.

ಹಳೆಯ ಮನೆಗಳನ್ನು ಮಾತ್ರವೇ ದೂರುವುದು ನ್ಯಾಯವಲ್ಲ. 1970ರ ದಶಕದ ಉತ್ತರಾರ್ಧದಿಂದ ಬೆಳೆದುಬಂದ ಇಂದಿರಾನಗರದ ಬಡಾವಣೆಯಲ್ಲಿ, ಮುಂದೆ ತೋಟ, ಹಿಂದೆ ಒಗೆಯುವ ಕಲ್ಲು ಎಂಬ ಯೋಜನೆಯಲ್ಲಿ ಕಟ್ಟಿದ ಮನೆಗಳು ತಮ್ಮ ಕಾಲಕ್ಕೆ ಆಧುನಿಕವಾಗಿಯೇ ಇದ್ದುವು. ಆದರೆ ಅವುಗಳ ವೈರಿಂಗನ್ನು ಯೋಚಿಸಿದವರ ಕಣ್ಣೆದುರಿಗೆ ಇದ್ದುದು ಒಂದು ಗೀಸರು, ಒಂದು ಫ್ರಿಜ್ಜು, ಒಂದು ಮಿಕ್ಸಿ. ಇವೊತ್ತು ಅದೇ ಮನೆ ಮಹಡಿಯ ಮೇಲೆ ಮಹಡಿಯೇರಿಸಿಕೊಂಡು, ಪ್ರತಿ ಮಲಗುವ ಕೋಣೆಗೂ ಒಂದು ಎ.ಸಿ. ಮತ್ತು ಒಂದು ಗೀಸರು, ಅಡುಗೆಮನೆಗೆ ಮೈಕ್ರೋವೇವು, ಏರ್ ಫ್ರೈಯರು, ಪಾತ್ರೆ ತೊಳೆಯುವ ಯಂತ್ರ ಇವೆಲ್ಲವನ್ನೂ ಆವಾಹಿಸಿಕೊಂಡಿದೆ. ಇನ್ನೂ ಪೂರ್ವಕ್ಕೆ, ಕೃಷ್ಣರಾಜಪುರದ ಕಡೆ, ಐದಾರು ಅಂತಸ್ತುಗಳ ಪಿ.ಜಿ. ಕಟ್ಟಡಗಳು ಒಂದು ಕೋಣೆಗೆ ಮೂವರಂತೆ ಬಾಡಿಗೆದಾರರನ್ನು ಇಟ್ಟುಕೊಂಡು, ಮೂವರಿಗೂ ಸೇರಿ ಒಂದು ಪ್ಲಗ್ಗನ್ನು ದಯಪಾಲಿಸಿರುತ್ತವೆ. ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂನಿಂದ ಮಂಜೂರಾದ ಲೋಡು ಮಾತ್ರ, ನಿಗದಿತ ಶುಲ್ಕ ಏರೀತೆಂಬ ಭಯದಿಂದ, ಹಿಂದೆ ಎಂದೋ ಬರೆಸಿದ ಅಂಕಿಯಲ್ಲಿಯೇ ನಿಂತಿರುವುದು ಅಪರೂಪವೇನಲ್ಲ.

ಇಲ್ಲಿ ನಮ್ಮ ಪ್ಲಗ್ಗಿನ ವಂಶಾವಳಿಯ ವಿಷಯವಾಗಿ ಒಂದು ಮಾತು ಅವಶ್ಯ. ನಾವು ಬಳಸುವ ಗುಂಡು ಪಿನ್ನಿನ ಮೂರು ಕಾಲಿನ ಪ್ಲಗ್ಗು ಇಂಗ್ಲೆಂಡಿನ ಹಳೆಯ ಮಾದರಿಯ ಸಂತಾನ. ಅಲ್ಲಿಯ 5 ಮತ್ತು 15 ಆಂಪಿಯರುಗಳೇ ಇಲ್ಲಿ 6 ಮತ್ತು 16 ಆಗಿ ಉಳಿದಿವೆ. ದಂಡಿನ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಬಂದ 1947ರಲ್ಲಿಯೇ, ಕಾಕತಾಳೀಯವಾಗಿ, ಇಂಗ್ಲೆಂಡು ತನ್ನ ಹಳೆಯ ಪ್ಲಗ್ಗನ್ನು ಬಿಟ್ಟು ಚಪ್ಪಟೆ ಪಿನ್ನಿನ ಹೊಸ ಮಾದರಿಯನ್ನು ಅಂಗೀಕರಿಸಿತು. ಹೊಸದರ ವೈಶಿಷ್ಟ್ಯವೆಂದರೆ ಪ್ರತಿಯೊಂದು ಪ್ಲಗ್ಗಿನ ಹೊಟ್ಟೆಯೊಳಗೂ ಒಂದು ಪುಟ್ಟ ಫ್ಯೂಸು. ಟೇಬಲ್ ದೀಪದ ಸಪೂರ ವೈರಿಗೆ 3 ಆಂಪಿಯರು, ಕೆಟಲ್ಲಿಗೆ 13 ಆಂಪಿಯರು, ಹೀಗೆ ವೈರಿಗೆ ತಕ್ಕ ಕಾವಲು. ನಮ್ಮಲ್ಲಿ ಉಳಿದದ್ದು ಫ್ಯೂಸಿಲ್ಲದ ಹಳೆಯದು. ಇದರ ಪರಿಣಾಮವಾಗಿ, 16 ಆಂಪಿಯರಿನ ಸಾಲಿಗೆ ಹೆಣಿಗೆ ನೂಲಿನಷ್ಟು ತೆಳ್ಳಗಿನ ವೈರನ್ನು ಚುಚ್ಚಿದರೂ, ಆ ವೈರು 16 ಆಂಪಿಯರನ್ನು ಹೊರಲಾರದೆಂಬುದನ್ನು ತಿಳಿಯತಕ್ಕ ಯಾವ ಉಪಕರಣವೂ ನಡುವೆ ಇರುವುದಿಲ್ಲ.

ಈಗ ಪ್ಲಗ್ಗನ್ನು ಚುಚ್ಚುವ ಸಾಕೆಟ್ಟಿನ ಒಳಗಿನ ಸಂಗತಿಗೆ ಬರೋಣ. ನಮ್ಮ ವಿಷಯದ ಮರ್ಮವೆಲ್ಲ ಇರುವುದು ಅಲ್ಲಿಯೇ.

ಸಾಕೆಟ್ಟಿನ ಮುಖಫಲಕವನ್ನು ಬಿಚ್ಚಿದರೆ, ಪ್ರತಿಯೊಂದು ರಂಧ್ರದ ಹಿಂದೆಯೂ ಸುರುಳಿಯಾಗಿ ಬಗ್ಗಿಸಿದ ಹಿತ್ತಾಳೆಯ ತೆಳು ತಗಡೊಂದು ಕಾಣಿಸುತ್ತದೆ. ಪಿನ್ನು ಒಳಹೊಕ್ಕಾಗ ಆ ತಗಡು ತನ್ನ ಸ್ಪ್ರಿಂಗಿನ ಗುಣದಿಂದ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು. ವಿದ್ಯುತ್ತು ದಾಟುವುದು ಆ ಅಪ್ಪುಗೆಯ ಮೂಲಕ. ಅಪ್ಪುಗೆ ಬಿಗಿಯಾಗಿರುವಷ್ಟು ಕಾಲ ಅಲ್ಲಿಯ ಪ್ರತಿರೋಧ ಗಣನೆಗೇ ಬಾರದಷ್ಟು ಅಲ್ಪ. ಆದರೆ ವರುಷಗಟ್ಟಲೆ ಎಳೆದು ಚುಚ್ಚಿ, ಎಳೆದು ಚುಚ್ಚಿ, ವೈರನ್ನು ಹಿಡಿದೇ ಪ್ಲಗ್ಗನ್ನು ಕೀಳುವ ಅವಸರದ ಕೈಗಳಿಗೆ ಸಿಕ್ಕಿ, ಆ ಹಿತ್ತಾಳೆ ಸಡಿಲವಾಗುತ್ತದೆ. ಅಥವಾ ಹಿಂಬದಿಯಲ್ಲಿ ವೈರನ್ನು ಹಿಡಿದಿರುವ ಸ್ಕ್ರೂ ಅರ್ಧ ಸುತ್ತಿನಷ್ಟು ಸಡಿಲಾಗಿರುತ್ತದೆ. ಎಲೆಕ್ಟ್ರಿಷಿಯನ್ನರ ಭಾಷೆಯಲ್ಲಿ ಇದಕ್ಕೆ ಲೂಸ್ ಕಾಂಟ್ಯಾಕ್ಟ್ ಎಂದು ಹೆಸರು.

ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ ಎಂಬಾತನು 1840ರ ಆಸುಪಾಸಿನಲ್ಲಿ ಕಂಡುಹಿಡಿದ ನಿಯಮದ ಪ್ರಕಾರ, ತಂತಿಯೊಂದರಲ್ಲಿ ಹುಟ್ಟುವ ಶಾಖವು ಅದರ ಪ್ರತಿರೋಧಕ್ಕೂ ಅದರಲ್ಲಿ ಹರಿಯುವ ಪ್ರವಾಹದ ವರ್ಗಕ್ಕೂ ಅನುಗುಣವಾಗಿರುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಸ್ನಾನದ ಮನೆಯ 3000 ವಾಟಿನ ಇನ್‌ಸ್ಟಂಟ್ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರನ್ನು ಎಳೆಯುತ್ತದೆ. ಅದರ ಪ್ಲಗ್ಗಿನ ಒಂದು ಪಿನ್ನಿನ ಬಳಿ ಸಡಿಲ ಸಂಪರ್ಕದಿಂದಾಗಿ ಓಮ್‌ನ ಏಳನೆಯ ಒಂದು ಭಾಗದಷ್ಟು ಮಾತ್ರ, ಎಂದರೆ ಸುಮಾರು 0.15 ಓಮ್, ಪ್ರತಿರೋಧ ಉಂಟಾಯಿತೆಂದು ಇಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಆ ಬಿಂದುವಿನಲ್ಲಿ 25 ವಾಟು ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಸೀಸವನ್ನು ಕರಗಿಸುವುದಕ್ಕೆ ಹಿಡಿಯುವ ಸಾಲ್ಡರಿಂಗ್ ಐರನ್ನು ಸಹ 25 ವಾಟಿನದೇ. ಅದನ್ನು ಕಾಯಿಸಿ ಗೋಡೆಯೊಳಗಿನ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಇಟ್ಟು ಮುಚ್ಚಿದಂತಾಯಿತು. ಬಿಸಿಯಾದ ಹಿತ್ತಾಳೆ ತನ್ನ ಸ್ಪ್ರಿಂಗಿನ ಗುಣವನ್ನು ಕಳೆದುಕೊಂಡು ಇನ್ನಷ್ಟು ಸಡಿಲವಾಗುತ್ತದೆ; ಅದರ ಮೈಮೇಲೆ ಆಕ್ಸೈಡಿನ ಕಪ್ಪು ಪೊರೆ ಬೆಳೆಯುತ್ತದೆ; ಪೊರೆಯಿಂದ ಪ್ರತಿರೋಧ ಹೆಚ್ಚುತ್ತದೆ; ಪ್ರತಿರೋಧದಿಂದ ಶಾಖ ಹೆಚ್ಚುತ್ತದೆ. ಸಾಮಾನ್ಯ ಪಿ.ವಿ.ಸಿ. ವೈರಿನ ಹೊದಿಕೆ ಸತತವಾಗಿ ಸಹಿಸಬಲ್ಲ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿದಲ್ಲಿ ಹೊದಿಕೆ ಮೊದಲು ಮೆತ್ತಗಾಗಿ, ಆಮೇಲೆ ಗಡುಸಾಗಿ, ಕಡೆಗೆ ಬಿರಿದು, ಒಳಗಿನ ತಾಮ್ರವನ್ನು ಬತ್ತಲೆ ಮಾಡುತ್ತದೆ. ಈ ವ್ಯವಹಾರ ಒಂದು ದಿನದಲ್ಲಿ ಮುಗಿಯತಕ್ಕದ್ದಲ್ಲ. ತಿಂಗಳುಗಳು ಹಿಡಿಯಬಹುದು, ಒಂದೆರಡು ಚಳಿಗಾಲಗಳೇ ಹಿಡಿಯಬಹುದು.

ಆಗ, ಪ್ರವಾಹ ಮಿತಿಮೀರಿದರೆ ತಾನಾಗಿ ಬಿದ್ದು ಸಂಪರ್ಕವನ್ನು ಕಡಿಯಬೇಕಾದ ಎಂ.ಸಿ.ಬಿ. ಏನು ಮಾಡುತ್ತಿರುತ್ತದೆ? ಇದೇ ಪ್ರಶ್ನೆಯನ್ನು ಮನೆಯ ಯಜಮಾನರನೇಕರು ಬೆಂಕಿ ಆರಿದ ಮೇಲೆ ಕೇಳುತ್ತಾರೆ. ಸುಟ್ಟ ಪ್ಲಗ್ಗಿನ ಪಕ್ಕದಲ್ಲಿಯೇ ಎಂ.ಸಿ.ಬಿ. ಸುಖವಾಗಿ ಮೇಲ್ಮುಖವಾಗಿ ನಿಂತಿರುವುದನ್ನು ಕಂಡು, ಕಂಪನಿಯವನು ಮೋಸಮಾಡಿದನೆಂದು ಬೈಯುವವರೂ ಉಂಟು. ಪಾಪ, ಅದರ ತಪ್ಪಿಲ್ಲ. ಅದಕ್ಕೆ ಗೊತ್ತಿರುವುದು ಪ್ರವಾಹದ ಪ್ರಮಾಣವೊಂದೇ. ನಮ್ಮ ಗೀಸರಿನ ಉದಾಹರಣೆಯಲ್ಲಿ, ಸಡಿಲ ಸಂಪರ್ಕದಿಂದಾಗಿ ಒಟ್ಟು ಪ್ರತಿರೋಧ ತುಸು ಏರಿದ್ದರಿಂದ ಪ್ರವಾಹವು ನೂರಕ್ಕೆ ಒಂದು ಪಾಲಿಗೆ ಸಮೀಪದಷ್ಟು ಕಡಿಮೆಯೇ ಆಗಿರುತ್ತದೆ. ಗೋಡೆಯೊಳಗೆ ಪ್ಲಾಸ್ಟಿಕ್ಕು ಕರಗುತ್ತಿರುವ ಕ್ಷಣದಲ್ಲಿ ಎಂ.ಸಿ.ಬಿ.ಯ ದೃಷ್ಟಿಗೆ ಎಲ್ಲವೂ ಮುಂಚಿನದಕ್ಕಿಂತ ಚೆನ್ನಾಗಿದೆ. ನಿಜವಾಗಿ ಪ್ರವಾಹ ಹೆಚ್ಚಾದಾಗಲೂ ಅದು ಕೂಡಲೇ ಬೀಳುವುದಿಲ್ಲ: 16 ಆಂಪಿಯರಿನ ಎಂ.ಸಿ.ಬಿ. 23 ಆಂಪಿಯರನ್ನು ಸಹ ಒಂದು ಗಂಟೆಯವರೆಗೆ ಸಹಿಸಿಕೊಂಡಿರುವುದಕ್ಕೆ ಅದರ ಮಾನಕವೇ ಅವಕಾಶ ಕೊಟ್ಟಿದೆ. ಇನ್ನು ಆರ್.ಸಿ.ಸಿ.ಬಿ. ಎಂಬುದು ಒಳಹೋದ ಪ್ರವಾಹಕ್ಕೂ ಮರಳಿ ಬಂದ ಪ್ರವಾಹಕ್ಕೂ ಇರುವ ವ್ಯತ್ಯಾಸವನ್ನು ಅಳೆಯುತ್ತದೆ. 30 ಮಿಲಿ ಆಂಪಿಯರಿನಷ್ಟು ನೆಲಕ್ಕೆ ಸೋರಿದರೆ ಕಣ್ಣುಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿದು ಪ್ರಾಣವನ್ನು ಉಳಿಸುತ್ತದೆ. ಒದ್ದೆ ಗೋಡೆಯಲ್ಲಿ ಸೋರುವ ವಿದ್ಯುತ್ತಿನಿಂದ ಹತ್ತತಕ್ಕ ಬೆಂಕಿಯನ್ನೂ ಅದು ತಡೆದೀತು. ಅದಿಲ್ಲದ ಮನೆಗೆ ಅದನ್ನು ಹಾಕಿಸಬೇಕೆಂಬುದರಲ್ಲಿಯೂ, ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂಬುದರಲ್ಲಿಯೂ ನನಗೆ ಸಂಶಯವಿಲ್ಲ. ಆದರೆ ಸಡಿಲ ಪಿನ್ನಿನಲ್ಲಿ ಏನೂ ಸೋರುವುದಿಲ್ಲ, ಹೋದದ್ದೆಲ್ಲ ಹಿಂದಿರುಗುತ್ತದೆ, ಆದಕಾರಣ ಅದಕ್ಕೂ ಈ ಶಾಖ ಅಗೋಚರ. ಸಂಪರ್ಕದಲ್ಲಿ ಹಾರುವ ಕಿಡಿಯ ಲಕ್ಷಣವನ್ನೇ ಗುರುತಿಸತಕ್ಕ ಬೇರೊಂದು ಸಾಧನವನ್ನು ಅಮೆರಿಕದವರು 1999ರ ನಿಯಮಾವಳಿಯಿಂದೀಚೆಗೆ ಮಲಗುವ ಕೋಣೆಗಳಿಂದ ಮೊದಲುಮಾಡಿ ಕಡ್ಡಾಯಗೊಳಿಸುತ್ತ ಬಂದಿದ್ದಾರೆ. ನಮ್ಮ ಸಾಮಾನ್ಯ ಮನೆಗಳಲ್ಲಿ ಅದು ಅಪರೂಪ.

ಮರುದಿನದ ಪತ್ರಿಕೆಯಲ್ಲಿ, ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹೊತ್ತಿಕೊಂಡಿತೆಂದು ಶಂಕಿಸಲಾಗಿದೆ, ಎಂದು ಬರುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಾಗಿದ್ದು ನಿಜವೇ ಇರಬಹುದು. ಹೊದಿಕೆ ಕರಗಿದ ಮೇಲೆ ಅವು ತಾಗದೆ ಇನ್ನೇನಾದೀತು? ಹೊದಿಕೆಯನ್ನು ಕರಗಿಸಿದ್ದು ಯಾವುದೆಂಬ ವಿಚಾರಣೆ ಮಾತ್ರ ಆ ಒಂದು ವಾಕ್ಯದೊಡನೆ ಮುಗಿದುಹೋಗುತ್ತದೆ, ಮತ್ತು ಸಿಡಿಲು ಬಡಿದುದಕ್ಕೆ ಯಾರನ್ನೂ ಹೊಣೆಮಾಡಲಾಗದ ಹಾಗೆ ಇದಕ್ಕೂ ಯಾರೂ ಹೊಣೆಯಲ್ಲವೆಂಬ ಭಾವನೆ ಜನರಲ್ಲಿ ನೆಲೆಯಾಗುತ್ತದೆ. 1933ರಲ್ಲಿ ಉದ್ಘಾಟನೆಯಾದ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ 2012ರ ಫೆಬ್ರವರಿಯಲ್ಲೊಂದು ಬೆಳಗಿನ ಜಾವ ನೂರಕ್ಕೂ ಮಿಕ್ಕ ಮಳಿಗೆಗಳು ಉರಿದುಹೋದಾಗ ಹೊರಟ ಶಂಕೆಯೂ ಇದೇ. ಅದಕ್ಕೆ ಎರಡು ವರ್ಷ ಮುಂಚೆ, 2010ರ ಫೆಬ್ರವರಿ 23ರಂದು, ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸಿನಲ್ಲಿ ವಿದ್ಯುತ್ ಕೇಬಲ್ಲುಗಳು ಹಾಯುವ ಕೊಳವೆಮಾರ್ಗದಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿಕೊಂಡು ಒಂಬತ್ತು ಮಂದಿ ಮೃತರಾದರು; ಉಸಿರಾಡಲಾರದೆ ಕಿಟಕಿಗಳಿಂದ ಹಾರಿದವರೂ ಅವರಲ್ಲಿದ್ದರು. ಜ್ವಾಲೆಗಿಂತ ಹೊಗೆ ಕ್ರೂರವೆಂಬುದನ್ನು ನಗರವು ಕಂಡದ್ದು ಆ ಮಧ್ಯಾಹ್ನ. ಮೃತರ ಬಂಧುಗಳು ಮತ್ತು ಮಿತ್ರರು ಅನಂತರ ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡು ಅಗ್ನಿಸುರಕ್ಷತೆಯ ಸಲುವಾಗಿ ದುಡಿಯುತ್ತ ಬಂದಿದ್ದಾರೆ. ಇವೆರಡೂ ಮನೆಗಳಲ್ಲವಷ್ಟೆ, ಆದರೆ ವಿದ್ಯುತ್ತಿನ ಶಾಖವು ಮನೆ ಯಾವುದು, ಮಾರ್ಕೆಟ್ಟು ಯಾವುದು ಎಂದು ಭೇದವೆಣಿಸುವುದಿಲ್ಲ.

ಮನೆಗಳಲ್ಲಿ ಅತ್ಯಂತ ಅಪಾಯದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ನಾನು ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡಿನ ಕಡೆಗೆ ಬೆರಳು ತೋರಿಸುವೆನು. ಶಿವಾಜಿನಗರದ ಯಾವ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ನಿಂತರೂ ಈ ತೆರನಾದ ಸಂಭಾಷಣೆ ಕಿವಿಗೆ ಬೀಳುತ್ತದೆ:

“ಯಾವ್ದಕ್ಕೆ ಹಾಕ್ತೀರಮ್ಮ ಇದನ್ನ?”

“ಇಂಡಕ್ಷನ್ ಒಲೆಗೆ ಕಣಪ್ಪ. ಮೇಲೆ ನೇತಾಕಿದ್ದೀಯಲ್ಲ, ಕಮ್ಮಿದು, ಅದೇ ಕೊಡು.”

“ಅದು ಚಾರ್ಜರ್‌ಗೆ ಅಮ್ಮ. ಒಲೆಗೆ ಹಾಕಿದ್ರೆ ಕರಗ್ಹೋಗತ್ತೆ.”

“ನಮ್ಮನೇಲಿ ಎಲ್ಲಾ ಅದೇ ಹಾಕಿರೋದು. ಏನೂ ಆಗಿಲ್ಲ.”

ಆ ತಾಯಿ ಹೇಳಿದ್ದು ಸುಳ್ಳಲ್ಲ. ಇದುವರೆಗೆ ಏನೂ ಆಗಿಲ್ಲ. ಆದರೆ 6 ಆಂಪಿಯರಿನ ಬೋರ್ಡೊಂದು ನ್ಯಾಯವಾಗಿ ಹೊರಬಲ್ಲದ್ದು ಸುಮಾರು 1380 ವಾಟು ಮಾತ್ರ. 2000 ವಾಟಿನ ಇಂಡಕ್ಷನ್ ಒಲೆಯೊಂದೇ 8.7 ಆಂಪಿಯರನ್ನು ಎಳೆಯುತ್ತದೆ. ಒಲೆಯಿಲ್ಲದೆ, 1000 ವಾಟಿನ ಇಸ್ತ್ರಿಪೆಟ್ಟಿಗೆ ಮತ್ತು 1500 ವಾಟಿನ ಕೆಟಲ್ಲನ್ನು ಒಂದೇ ಬೋರ್ಡಿಗೆ ಸಿಕ್ಕಿಸಿದರೂ ಹನ್ನೊಂದು ಆಂಪಿಯರಿಗೆ ಸಮೀಪಿಸಿತು. ಗೋಡೆಯ ಹಿಂದಿನ 16 ಆಂಪಿಯರಿನ ಎಂ.ಸಿ.ಬಿ.ಗೆ ಅದು ಏನೇನೂ ಅಲ್ಲವಾದ್ದರಿಂದ ಅದು ಸುಮ್ಮನಿರುತ್ತದೆ, ನಡುವಿನ ಸಪೂರ ವೈರು ಮಾತ್ರ ಕಾಯುತ್ತಿರುತ್ತದೆ. ಅಗ್ಗದ ವೈರಿನೊಳಗೆ ತಾಮ್ರದ ಬದಲು ತಾಮ್ರದ ಲೇಪವಿರುವ ಅಲ್ಯುಮಿನಿಯಂ ಇರುವುದೂ ಉಂಟು. ಅದರ ಪ್ರತಿರೋಧ ಅಷ್ಟೇ ದಪ್ಪದ ತಾಮ್ರದ್ದಕ್ಕಿಂತ ಹೆಚ್ಚು. ಉಳಿದ ಉದ್ದವನ್ನು ಅಂದವಾಗಿ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಶಾಖ ಹೊರಹೋಗಲು ದಾರಿಯಿಲ್ಲ. ಜಮಖಾನೆಯ ಕೆಳಗೆ ಹಾಯಿಸಿದರೆ ಬಟ್ಟೆಯ ಹೊದಿಕೆ ಹೊದಿಸಿದ ಹಾಗಾಯಿತು. ಒಂದು ಬೋರ್ಡಿಗೆ ಇನ್ನೊಂದು ಬೋರ್ಡನ್ನು ಚುಚ್ಚುವ ಪದ್ಧತಿಯ ಬಗ್ಗೆ ನಾನು ಹೆಚ್ಚು ಹೇಳದಿರುವುದೇ ಲೇಸು. 16 ಆಂಪಿಯರಿನ ದಪ್ಪ ಪಿನ್ನನ್ನು 6 ಆಂಪಿಯರಿನ ಸಾಕೆಟ್ಟಿಗೆ ಇಳಿಸಿಕೊಡುವ ಕನ್ವರ್ಟರೆಂಬ ಚಿಕ್ಕ ಉಪಕರಣವೊಂದು ಅಂಗಡಿಗಳಲ್ಲಿ ಸಿಗುತ್ತದೆ. ಪಿನ್ನಿನ ದಪ್ಪವನ್ನು ಬೇರೆಬೇರೆಯಾಗಿ ಇಟ್ಟವರ ಉದ್ದೇಶವನ್ನೇ ವ್ಯರ್ಥಮಾಡುವ ಇಂಥ ಜಾಣ್ಮೆ ಇನ್ನೊಂದಿಲ್ಲ. ಸಕಲ ದೇಶಗಳ ಪ್ಲಗ್ಗುಗಳನ್ನೂ ಸ್ವಾಗತಿಸುವ ವಿಶ್ವಕುಟುಂಬಿ ಸಾಕೆಟ್ಟುಗಳೂ ಅಷ್ಟೆ. ಎಲ್ಲರಿಗೂ ಜಾಗ ಕೊಟ್ಟು ಯಾರನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಶಾಖ ಹುಟ್ಟಿಸತಕ್ಕ ಯಾವ ಉಪಕರಣವನ್ನಾಗಲಿ, ಗೀಸರು, ಒಲೆ, ಹೀಟರು, ಇಸ್ತ್ರಿ, ಕೆಟಲ್ಲು, ಗೋಡೆಯ ಸಾಕೆಟ್ಟಿಗೇ ನೇರವಾಗಿ ಚುಚ್ಚತಕ್ಕದ್ದು, ಎ.ಸಿ. ಮತ್ತು ಗೀಸರುಗಳಿಗೆ ಪ್ರತ್ಯೇಕವಾದ, 4 ಚದರ ಮಿಲಿಮೀಟರಿನ ತಾಮ್ರದ ಸಾಲನ್ನು ಎಳೆಸತಕ್ಕದ್ದು.

ಕರೆಂಟು ಹೋಗುವುದು ನಮ್ಮ ಊರಿನ ಬಾಳಿನ ಒಂದು ಅಂಗ. ಅದರಿಂದ ಹುಟ್ಟುವ ಅಪಾಯವೊಂದುಂಟು. ಬೆಳಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಇಸ್ತ್ರಿ ಹಾಕುತ್ತಿರುವಾಗ ಕರೆಂಟು ಹೋಗುತ್ತದೆ. ಸ್ವಿಚ್ಚಿನ ಮೇಲೆ ಕೈಯಿಡುವ ನೆನಪಾಗದೆ, ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು, ಬಾಗಿಲು ಹಾಕಿಕೊಂಡು ಹೋದವರ ಹಿಂದೆ ಹತ್ತು ನಿಮಿಷಕ್ಕೆ ಕರೆಂಟು ಮರಳಿ ಬರುತ್ತದೆ. ಕೃಷ್ಣರಾಜಪುರದ ಪಿ.ಜಿ. ಕೋಣೆಗಳಲ್ಲಿ ಮಾಲೀಕನ ಕಣ್ಣು ತಪ್ಪಿಸಿ ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ರಾಡಿನ ಕಥೆಯೂ ಇದೇ: ನೀರು ಕುದಿದು ರಾಡಿನ ಕಾಯುವ ಭಾಗಕ್ಕಿಂತ ಕೆಳಗೆ ಇಳಿದೊಡನೆ ಬಕೆಟ್ಟು ಕರಗಲು ತೊಡಗುತ್ತದೆ. ಕರೆಂಟು ಹೋದ ಕ್ಷಣವೇ ಎದ್ದು ಇಸ್ತ್ರಿ, ಹೀಟರು, ರಾಡುಗಳ ಸ್ವಿಚ್ಚನ್ನು ಆರಿಸುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಕಲಿಸಬೇಕು.

ಈಚಿನ ವರ್ಷಗಳಲ್ಲಿ ಬಂದ ಇನ್ನೊಂದು ಅತಿಥಿ ವಿದ್ಯುತ್ ಸ್ಕೂಟರು. ವಿಶೇಷವಾಗಿ ಅದರ ಬ್ಯಾಟರಿಯನ್ನು ಬಿಚ್ಚಿ ಮೂರನೆಯ ಮಹಡಿಗೆ ಹೊತ್ತೊಯ್ದು ಹಾಲಿನಲ್ಲಿ ಚಾರ್ಜಿಗೆ ಹಾಕುವ ಪದ್ಧತಿ. ಲಿಥಿಯಂ ಬ್ಯಾಟರಿಯ ಬೆಂಕಿ ಬೇರೆ ಬೆಂಕಿಗಳ ಜಾತಿಯದಲ್ಲ. ಪೆಟ್ಟುತಿಂದೋ ಮಿತಿಮೀರಿ ಚಾರ್ಜಾಗಿಯೋ ಒಳಗಿನ ಒಂದು ಕೋಶವು ಕಾದರೆ, ಅದು ಪಕ್ಕದ್ದನ್ನು ಕಾಯಿಸುತ್ತದೆ, ಆ ಪಕ್ಕದ್ದು ಮತ್ತೊಂದನ್ನು. ಉರಿಯುವ ವಿಷಾನಿಲವು ಒಳಗಿನಿಂದಲೇ ಒತ್ತಿಕೊಂಡು ಬರುವುದರಿಂದ ಕಂಬಳಿ ಮುಚ್ಚಿ ಆರಿಸತಕ್ಕದ್ದಲ್ಲ, ಆರಿದಂತೆ ಕಂಡದ್ದು ಗಂಟೆಗಳ ಮೇಲೆ ಮತ್ತೆ ಹೊತ್ತುವುದೂ ಉಂಟು. 2024ರ ನವೆಂಬರಿನಲ್ಲಿ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಮಳಿಗೆಯೊಂದು ಹೊತ್ತಿ ಉರಿದು, ಅಲ್ಲಿ ಕೆಲಸಮಾಡುತ್ತಿದ್ದ ತರುಣಿಯೊಬ್ಬಳು ಹೊರಬರಲಾರದೆ ಪ್ರಾಣ ನೀಗಿದಳು. ಅಲ್ಲಿಯ ಮೂಲಕಾರಣವೇನೇ ಇರಲಿ, ಮನೆಯವರು ಗ್ರಹಿಸಬೇಕಾದ ಅಂಶ ಸ್ಪಷ್ಟವಾಗಿದೆ: ಸ್ಕೂಟರನ್ನಾಗಲಿ ಬ್ಯಾಟರಿಯನ್ನಾಗಲಿ ಮನೆಯ ಒಂದೇ ಹೊರಬಾಗಿಲಿನ ಎದುರಿಗೆ, ಮೆಟ್ಟಿಲಿನ ಬುಡದಲ್ಲಿ, ಚಾರ್ಜಿಗೆ ಹಾಕಕೂಡದು. ಶಿವಾಜಿನಗರದ ಹತ್ತಡಿ ಅಗಲದ ನಿವೇಶನಗಳಲ್ಲಿ ಬೇರೆ ಜಾಗವೇ ಇಲ್ಲವೆಂಬುದು ನನಗೆ ಗೊತ್ತು. ಹಾಗಿದ್ದಲ್ಲಿ ರಾತ್ರಿಯ ಹೊತ್ತು, ಎಲ್ಲರೂ ಮಲಗಿದ ಮೇಲೆ, ಹಾಕುವುದನ್ನಾದರೂ ಬಿಡಬೇಕು; ಕಂಪನಿ ಕೊಟ್ಟ ಚಾರ್ಜರನ್ನಲ್ಲದೆ ಬೇರೆಯದನ್ನು ಮುಟ್ಟಲೇಬಾರದು. ಮೊಬೈಲನ್ನು ದಿಂಬಿನ ಕೆಳಗಿಟ್ಟು ಚಾರ್ಜು ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಬ್ಬದ ಸೀರಿಯಲ್ ಸೆಟ್ಟುಗಳ ವಿಷಯ ಎಲ್ಲರೂ ಬಲ್ಲದ್ದೇ. ಸೇಂಟ್ ಮೇರಿ ಬೆಸಿಲಿಕದ ಸೆಪ್ಟೆಂಬರಿನ ಉತ್ಸವಕ್ಕಾಗಲಿ, ರಂಜಾನಿಗಾಗಲಿ, ಹಲಸೂರಿನ ಹೂವಿನ ಪಲ್ಲಕ್ಕಿಗಾಗಲಿ ದೀಪಗಳ ಸರ ಇಲ್ಲದೆ ದಂಡಿಗೆ ಕಳೆಯಿಲ್ಲ. ಹಳೆಯ ಸೆಟ್ಟಿನ ಹರಿದ ವೈರಿಗೆ ಸೆಲೋಟೇಪು ಸುತ್ತಬೇಡಿರಿ, ಪ್ಲಗ್ಗಿಲ್ಲದ ಬರಿಯ ತಂತಿಯನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿನಲ್ಲಿ ನಿಲ್ಲಿಸಬೇಡಿರಿ ಎಂದಷ್ಟು ಹೇಳಿ ಮುಂದಕ್ಕೆ ಹೋಗುವೆನು.

ಯಂತ್ರಗಳಿಗೆ ಅಗೋಚರವಾದುದನ್ನು ಕಂಡುಹಿಡಿಯುವ ಕೆಲಸ ಹಾಗಾದರೆ ಮನೆಯವರ ಇಂದ್ರಿಯಗಳಿಗೇ ಸೇರಿದ್ದು. ಅವು ಈ ಕೆಲಸಕ್ಕೆ ಸಾಕಾದಷ್ಟು ಸಮರ್ಥವಾಗಿಯೂ ಇವೆ. ಗೀಸರನ್ನಾಗಲಿ ಎ.ಸಿ.ಯನ್ನಾಗಲಿ ಅರ್ಧ ಗಂಟೆ ನಡೆಸಿ, ಸ್ವಿಚ್ಚನ್ನು ಆರಿಸಿ, ಒಣ ಕೈಯಿಂದ ಪ್ಲಗ್ಗಿನ ಬೆನ್ನನ್ನು ಮುಟ್ಟಿ ನೋಡಬೇಕು: ಉಗುರುಬೆಚ್ಚಗಿದ್ದರೆ ಸರಿ, ಬೆರಳನ್ನು ಅಲ್ಲಿಯೇ ಇಡಲಾಗದಷ್ಟು ಬಿಸಿಯಿದ್ದರೆ ಅಂದೇ ಅದರ ಬಳಕೆಯನ್ನು ನಿಲ್ಲಿಸಬೇಕು. ಬಿಳಿಯ ಸಾಕೆಟ್ಟಿನ ಒಂದು ರಂಧ್ರದ ಸುತ್ತ ಚಹದ ಕಲೆಯ ಬಣ್ಣದ ಉಂಗುರ ಮೂಡಿದ್ದರೆ ಒಳಗೆ ಕೆಲವು ಕಾಲದಿಂದ ಬೇಯುತ್ತಿದೆಯೆಂದು ತಿಳಿಯಬೇಕು. ಕಿವಿಗೊಟ್ಟರೆ ಸಣ್ಣಗೆ ಚಿರ್ ಎನ್ನುವ ಸದ್ದು ಕೇಳಿಸಬಹುದು. ಮೂಗಿಗೆ ಇನ್ನೂ ಸ್ಪಷ್ಟವಾದ ಸಾಕ್ಷ್ಯವುಂಟು: ಸ್ವಿಚ್ಚು ಸಾಕೆಟ್ಟುಗಳಿಗೆ ಬಳಸುವ ಒಂದು ಬಗೆಯ ರಾಳ ಕಾದಾಗ ಮೀನಿನ ವಾಸನೆಯನ್ನು ಹೊರಡಿಸುತ್ತದೆ. ಮೀನು ಬೇಯಿಸದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಪಕ್ಕದ ಮನೆಯವರ ಮೇಲೆ ಅನುಮಾನಪಡುವುದಕ್ಕೆ ಮುಂಚೆ ಸ್ವಿಚ್ ಬೋರ್ಡನ್ನು ಮೂಸಿ ನೋಡುವುದು ಒಳಿತು.

ಸುಟ್ಟ ಸಾಕೆಟ್ಟನ್ನು ಬದಲಾಯಿಸುವಾಗ ಒಂದು ತಪ್ಪು ಬಹುವಾಗಿ ನಡೆಯುತ್ತದೆ. ಎಲೆಕ್ಟ್ರಿಷಿಯನ್ ಬಂದು ಹೊಸ ಸಾಕೆಟ್ಟನ್ನು ಕೂರಿಸಿ, ಗೀಸರಿನ ಹಳೆಯ ಪ್ಲಗ್ ಟಾಪನ್ನೇ ಅದಕ್ಕೆ ಚುಚ್ಚಿ ಹೋಗುತ್ತಾನೆ. ಹಳೆಯ ಟಾಪಿನ ಪಿನ್ನಿನ ಮೇಲೆ ಕಪ್ಪು ಆಕ್ಸೈಡು ಕುಳಿತಿರುತ್ತದೆ, ಮೈಯಲ್ಲಿ ಸಣ್ಣ ಗುಳಿಗಳು ಬಿದ್ದಿರುತ್ತವೆ. ಹೊಸ ಹಿತ್ತಾಳೆಯನ್ನು ಅದು ಮೊದಲ ದಿನದಿಂದಲೇ ಕಾಯಿಸತೊಡಗಿ, ಆರು ತಿಂಗಳಲ್ಲಿ ಹಳೆಯ ಗತಿಗೆ ತರುತ್ತದೆ. ಮನೆಯವರು ಆಗ ಸಾಕೆಟ್ಟಿನ ಕಂಪನಿಯನ್ನು ಶಪಿಸುತ್ತಾರೆ. ಟಾಪು ಸಾಕೆಟ್ಟುಗಳೆರಡನ್ನೂ ಒಟ್ಟಿಗೆ ಬದಲಿಸಿ, ಹಿಂದಿನ ವೈರಿನ ಬೆಂದ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಸ್ಕ್ರೂವನ್ನು ಬಲವಾಗಿ ಬಿಗಿಸಿದರೆ ಮಾತ್ರ ರಿಪೇರಿ ಮುಗಿದ ಲೆಕ್ಕ. ಈ ಕೆಲಸಕ್ಕೆ ತಗಲುವ ಹಣ ಒಂದು ಹೊತ್ತಿನ ಹೋಟೆಲ್ ಊಟದಷ್ಟು. ತಗಲುವ ಕಾಲ ಅರ್ಧ ಗಂಟೆ. ಎಂ.ಸಿ.ಬಿ. ಪದೇಪದೇ ಬೀಳುತ್ತದೆಂದು 16ರದನ್ನು ತೆಗೆದು 32ರದನ್ನು ಹಾಕಿಕೊಡುವವನು, ಕಿಟ್‌ಕ್ಯಾಟಿನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದೆಳೆಯನ್ನು ಸುತ್ತಿಕೊಡುವವನು, ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಅವನನ್ನು ಮನೆಯೊಳಕ್ಕೆ ಕರೆಯಬಾರದು.  

ಇಷ್ಟು ಎಚ್ಚರದ ಮೇಲೆಯೂ ಬೆಂಕಿ ಕಾಣಿಸಿಕೊಂಡರೆ, ಮೊದಲು ಮೇನ್ ಸ್ವಿಚ್ಚು. ಅದರ ಬಳಿಗೆ ಹೋಗಲು ಸಾಧ್ಯವಿದ್ದರೆ ಮಾತ್ರ. ಮನೆಯಲ್ಲಿರುವ ಪ್ರತಿಯೊಬ್ಬರಿಗೂ, ಕೆಲಸಕ್ಕೆ ಬರುವ ಹೆಂಗಸಿಗೂ, ಅದು ಎಲ್ಲಿದೆಯೆಂದು ಗೊತ್ತಿರಬೇಕು. ವಿದ್ಯುತ್ತು ಹರಿಯುತ್ತಿರುವ ಉಪಕರಣದ ಮೇಲೆ ನೀರೆರಚಕೂಡದು. ಒಣ ಪುಡಿಯ ಅಥವಾ ಇಂಗಾಲದ ಡೈಆಕ್ಸೈಡಿನ ಸಿಲಿಂಡರು ಮನೆಯಲ್ಲಿದ್ದರೆ, ಬೆಂಕಿ ಬುಟ್ಟಿಯಷ್ಟು ದೊಡ್ಡದಾಗುವುದರೊಳಗೆ ಅದನ್ನು ಬಳಸಬಹುದು. ಅದಕ್ಕೆ ಮೀರಿದ್ದನ್ನು ಎದುರಿಸುವುದು ಶೌರ್ಯವಲ್ಲ. ಆ ಕೋಣೆಯ ಬಾಗಿಲನ್ನು ಎಳೆದುಕೊಂಡು, ಹೊಗೆಯ ಅಡಿಯಲ್ಲಿ ಬಗ್ಗಿ ತೆವಳಿ ಹೊರಗೆ ನಡೆಯಬೇಕು. ಕಳ್ಳರ ಭಯಕ್ಕೆ ಬಾಲ್ಕನಿಯಿಂದ ಹಿಡಿದು ಮೆಟ್ಟಿಲಿನವರೆಗೆ ಕಬ್ಬಿಣದ ಗ್ರಿಲ್ಲು ಹಾಕಿ ಬೀಗ ಜಡಿಯುವುದು ನಮ್ಮೂರಿನವರ ವಾಡಿಕೆಯಾಗಿರುವುದರಿಂದ, ಆ ಬೀಗದ ಕೈ ಬೀಗದ ಹತ್ತಿರದಲ್ಲಿಯೇ, ಕತ್ತಲೆಯಲ್ಲಿಯೂ ಕೈಗೆ ಸಿಗುವ ಮೊಳೆಯೊಂದಕ್ಕೆ, ತೂಗುಹಾಕಿರಬೇಕು. ಹೊರಗೆ ಬಂದ ಬಳಿಕ 101ಕ್ಕೋ 112ಕ್ಕೋ ಕರೆಮಾಡಬೇಕು. ಏನನ್ನೋ ಮರೆತೆವೆಂದು ಮತ್ತೆ ಒಳಹೊಗಬಾರದು. ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಕೇಂದ್ರಕಚೇರಿ ಹಲಸೂರು ಕೆರೆಯ ಮಗ್ಗುಲಲ್ಲಿ, ಅಣ್ಣಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿಯೇ ಇದೆ, ದೂರ ಹೆಚ್ಚಲ್ಲ. ಆದರೆ ದಂಡಿನ ಗಲ್ಲಿಗಳು ಎತ್ತಿನ ಬಂಡಿಗೂ ಜಟಕಾಕ್ಕೂ ಅಳೆದಂಥವು. ಎರಡೂ ಬದಿಯಲ್ಲಿ ಸ್ಕೂಟರು ಕಾರುಗಳು ನಿಂತ ಮೇಲೆ ದೊಡ್ಡ ಗಾಡಿ ತಿರುವಿನಲ್ಲಿಯೇ ನಿಂತುಬಿಡುತ್ತದೆ, ಮನೆಯ ನಂಬರುಗಳಿಗಂತೂ ಹಳೆಯದು ಹೊಸದೆಂದು ಎರಡೆರಡು ಲೆಕ್ಕ. ಆದ್ದರಿಂದ ಕರೆಮಾಡುವವರು ಹತ್ತಿರದ ಮಸೀದಿ, ದೇವಸ್ಥಾನ, ಶಾಲೆ, ಯಾವುದಾದರೊಂದು ಗುರುತನ್ನು ಹೇಳಬೇಕು. ನೆರೆಯವರು ಅಷ್ಟರೊಳಗೆ ಅಡ್ಡ ನಿಂತ ವಾಹನಗಳನ್ನು ಸರಿಸಬೇಕು. ಮತ್ತು ಗಾಡಿಗೆ ದಾರಿ ತೋರಿಸುವುದಕ್ಕೆ ಒಬ್ಬರು ಓಡಿಹೋಗಿ ಮುಖ್ಯರಸ್ತೆಯ ತಿರುವಿನಲ್ಲಿ ನಿಂತಿರಬೇಕು.